ಗಣತಿಯಲ್ಲಿ ಬಿಟ್ಟುಹೋದವರು ಎಷ್ಟು? ಸ್ಯಾಂಪಲ್ ಹಾಕಿ ಕಂಡುಹಿಡಿಯೋದು ಹೀಗೆ

2011ರ ಫೆಬ್ರವರಿಯಲ್ಲಿ ನಾನು ಮಂಡ್ಯದಲ್ಲಿ ಗಣತಿದಾರನಾಗಿದ್ದೆ. ಬೆಳಿಗ್ಗೆ ಹೈಸ್ಕೂಲಿನಲ್ಲಿ ಗಣಿತ ಪಾಠ, ಮಧ್ಯಾಹ್ನದ ಮೇಲೆ ಮನೆ ಮನೆ ಸುತ್ತಾಟ. 9ನೇ ತಾರೀಖಿನಿಂದ 28ರವರೆಗೆ ಸುತ್ತಿ, 28ರ ರಾತ್ರಿ ಅಂಗಡಿ ಜಗಲಿ ಮೇಲೆ ಮಲಗಿದ್ದವರನ್ನೂ ಎಬ್ಬಿಸಿ ಬರೆದುಕೊಂಡು, ಮಾರ್ಚ್ 1ರಿಂದ 5ರವರೆಗೆ ಮತ್ತೊಂದು ಸುತ್ತು ಹೋಗಿ ಹುಟ್ಟಿದ್ದು ಸತ್ತಿದ್ದು ತಿದ್ದಿ, ಫಾರಂ ಕಟ್ಟು ಕಟ್ಟಿ ಕೊಟ್ಟು ಬಂದೆ. ಒಬ್ಬರನ್ನೂ ಬಿಟ್ಟಿಲ್ಲ ಅಂತ ಸ್ಟಾಫ್ ರೂಮಿನಲ್ಲಿ ಜಂಬ ಬೇರೆ ಕೊಚ್ಚಿಕೊಂಡಿದ್ದೆ. ಏಪ್ರಿಲ್‌ನಲ್ಲಿ ನನ್ನದೇ ಬ್ಲಾಕಿನಲ್ಲಿ, ಅಂದರೆ ನನಗೆ ಎಣಿಸೋಕೆ ಕೊಟ್ಟಿದ್ದ ಜಾಗದಲ್ಲಿ, ಕಟ್ಟುತ್ತಿದ್ದ ಮನೆಯೊಂದರ ಹಿಂದೆ ತಗಡಿನ ಶೆಡ್ಡು ಕಣ್ಣಿಗೆ ಬಿತ್ತು. ವಾಚ್‌ಮನ್, ಅವನ ಹೆಂಡತಿ, ಇಬ್ಬರು ಮಕ್ಕಳು, ಒಬ್ಬ ಅಜ್ಜಿ. ಆರು ತಿಂಗಳಿಂದ ಅಲ್ಲೇ ಇದ್ದರಂತೆ. ಆ ಕಟ್ಟಡದ ಮುಂದೆ ನಾನು ಮೂರು ಸಲ ಹಾದುಹೋಗಿದ್ದೆ. ಮೂರು ಸಲವೂ ಖಾಲಿ ಅಂತಲೇ ಅಂದುಕೊಂಡಿದ್ದೆ.

ಆಮೇಲೆ ಗೊತ್ತಾಯಿತು, ಬಿಟ್ಟವನು ನಾನೊಬ್ಬನೇ ಅಲ್ಲ. ಆ ಗಣತಿಯ ಲೆಕ್ಕ 121 ಕೋಟಿ ದಾಟಿತ್ತು. ಅದಾದ ಮೇಲೆ, ಆರಿಸಿದ ಕೆಲವು ಕಡೆ ಮತ್ತೊಮ್ಮೆ ಎಣಿಸಿ ತಾಳೆ ನೋಡುವ ಗಣತಿ ನಂತರದ ಸಮೀಕ್ಷೆ ನಡೆಯಿತು. ಅದರ ಪ್ರಕಾರ, ಎರಡು ಸಲ ಎಣಿಕೆಯಾದವರನ್ನು ಕಳೆದ ಮೇಲೂ ಸಾವಿರಕ್ಕೆ ಸುಮಾರು 23 ಜನ ಲೆಕ್ಕದಿಂದ ಹೊರಗೆ ಉಳಿದಿದ್ದರು. ಗುಣಿಸಿ ನೋಡಿ, ಎರಡೂಮುಕ್ಕಾಲು ಕೋಟಿ ಆಗುತ್ತದೆ. ಮಂಡ್ಯ ಜಿಲ್ಲೆಯ ಜನಸಂಖ್ಯೆ ಆಗ 18,05,769. ಅಂಥ 15 ಜಿಲ್ಲೆ ಕಾಣೆ! ನಮ್ಮ ದೇಶದಲ್ಲಿ ಈ ಸಮೀಕ್ಷೆ 1951ರ ಗಣತಿಯಿಂದ ನಡೆದುಕೊಂಡು ಬಂದಿದೆ. 1961ರಲ್ಲಿ ಸಾವಿರಕ್ಕೆ 7 ಇದ್ದ ಸಂಖ್ಯೆ 1981ರಲ್ಲಿ 18 ಆಗಿ, 2001ರಲ್ಲಿ 23ಕ್ಕೆ ಬಂದು ನಿಂತಿತು.

ಕಾಣದವರನ್ನು ಎಣಿಸೋದು ಹೇಗೆ ಅಂತ ಕೇಳುತ್ತೀರಿ, ಅಲ್ವಾ? ಅದನ್ನೇ ಹೇಳೋಕೆ ಹೊರಟಿದ್ದೇನೆ. ಮುಂದಿನ ಗಣತಿಯ ಗಡಿ, ಅಂದರೆ ಯಾರಿದ್ದರು ಅಂತ ಲೆಕ್ಕಕ್ಕೆ ಹಿಡಿಯುವ ಗಳಿಗೆ, 2027ರ ಫೆಬ್ರವರಿ 28 ಕಳೆದು ಮಾರ್ಚ್ 1 ಶುರುವಾಗುವ ಮಧ್ಯರಾತ್ರಿ. ಗಣತಿಗೆ ಹೋಗುವ ಮೇಷ್ಟ್ರುಗಳು, ಸ್ಟ್ಯಾಟಿಸ್ಟಿಕ್ಸ್ ಓದುವ ಹುಡುಗರು, ಪಂಚಾಯ್ತಿಯಲ್ಲಿ ಆಸಕ್ತಿ ಇರುವವರು ಒಂದು ಊರಿನಲ್ಲಿ ಇದನ್ನು ಮಾಡಿ ನೋಡಬಹುದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 1948ರ ಜನಗಣತಿ ಕಾಯ್ದೆ ಪ್ರಕಾರ ಗಣತಿಯ ಹೆಸರು ವಿವರ ಗುಟ್ಟು, ನಿಮಗೆ ಯಾರೂ ಕೊಡುವುದಿಲ್ಲ, ಕೇಳಲೂ ಬೇಡಿ. ಅಭ್ಯಾಸಕ್ಕೆ ಎರಡೂ ಎಣಿಕೆಯನ್ನು ನೀವೇ ಮಾಡಬೇಕು.

ಬೀಗರ ಊಟದ ಲೆಕ್ಕ

ನಮ್ಮ ಕಡೆ ಬೀಗರ ಊಟಕ್ಕೆ ಎಷ್ಟು ಜನ ಬಂದಿದ್ದರು ಅಂತ ಕರಾರುವಾಕ್ಕಾಗಿ ಯಾರಿಗೂ ಗೊತ್ತಿರುವುದಿಲ್ಲ. ಮುಯ್ಯಿ ಬರೆಯುವ ಚಿಕ್ಕಪ್ಪನ ನೋಟ್‌ಬುಕ್ಕಿನಲ್ಲಿ 400 ಹೆಸರು ಇವೆ ಅಂದುಕೊಳ್ಳಿ. ಅವನಿಗೆ ಗೊತ್ತಿಲ್ಲದ ಹಾಗೆ ಸೋದರಮಾವ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು, ಕಣ್ಣಿಗೆ ಬಿದ್ದವರನ್ನು ಬರೆದುಕೊಂಡಿದ್ದಾನೆ. ಅವನ ಪಟ್ಟಿಯಲ್ಲಿ 300. ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದರೆ 240 ಹೆಸರು ಎರಡರಲ್ಲೂ ಇವೆ. ಅಂದರೆ ಮಾವ ಕಂಡ 300 ಜನರಲ್ಲಿ ಚಿಕ್ಕಪ್ಪನ ಕೈಗೆ ಸಿಕ್ಕಿದ್ದು 240, ಶೇ. 80. ಚಿಕ್ಕಪ್ಪ ಒಟ್ಟು ಜನರಲ್ಲೂ ಶೇ. 80ನ್ನೇ ಹಿಡಿದಿದ್ದಾನೆ ಅಂತ ಇಟ್ಟುಕೊಂಡರೆ ಅವನ 400 ಅನ್ನೋದು 500ರಲ್ಲಿ ಶೇ. 80. ಬಂದವರು 500. ಇಬ್ಬರ ಕಣ್ಣಿಗೂ ಬೀಳದವರೂ ಈ ಲೆಕ್ಕದೊಳಗೆ ಬಂದುಬಿಟ್ಟರು ನೋಡಿ.

ಕೆರೆ ಮೀನು ಲೆಕ್ಕ ಹಾಕೋಕೆ ಬೇರೆ ದೇಶಗಳಲ್ಲಿ ಬಹಳ ಹಿಂದಿನಿಂದ ಬಳಸುತ್ತಿದ್ದ ವಿಧಾನ ಇದು. ಮನುಷ್ಯರ ಲೆಕ್ಕಕ್ಕೆ ಇದನ್ನು ಒಗ್ಗಿಸಿ 1949ರಲ್ಲಿ ಹೆಸರುವಾಸಿಯಾದ ಲೇಖನ ಬರೆದ ಇಬ್ಬರಲ್ಲಿ ಒಬ್ಬರು ನಮ್ಮವರು, ಸಿ. ಚಂದ್ರಶೇಖರನ್. ಇನ್ನೊಬ್ಬರು ಅಮೆರಿಕದ ಎಡ್ವರ್ಡ್ಸ್ ಡೆಮಿಂಗ್. ಕಲ್ಕತ್ತಾ ಹತ್ತಿರದ ಸಿಂಗೂರಿನಲ್ಲಿ ಜನನ ಮರಣ ಎಷ್ಟು ಸರಿಯಾಗಿ ನೋಂದಣಿ ಆಗುತ್ತಿದೆ ಅಂತ ಪರೀಕ್ಷೆ ಮಾಡಿದ ಕೆಲಸ ಅದು. ಇದೇ ಚಂದ್ರಶೇಖರನ್ ಮುಂದೆ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಆಗಿನ ಮೈಸೂರು ರಾಜ್ಯದಲ್ಲಿ 1951–52ರಲ್ಲಿ ನಡೆಸಿದ ಜನಸಂಖ್ಯಾ ಅಧ್ಯಯನದಲ್ಲೂ ಇದ್ದರು. ನಮ್ಮೂರ ಕಡೆ ಸ್ಟ್ಯಾಟಿಸ್ಟಿಕ್ಸ್ ಹುಡುಗರಿಗೆ ಇದನ್ನು ಯಾಕೆ ಯಾರೂ ಹೇಳುವುದಿಲ್ಲವೋ ಗೊತ್ತಿಲ್ಲ.

ಈ ಲೆಕ್ಕ ಎಲ್ಲಿ ಕೈ ಕೊಡುತ್ತದೆ ಅನ್ನೋದೂ ಬೀಗರ ಊಟದಲ್ಲೇ ಇದೆ. ಚಿಕ್ಕಪ್ಪ ಮಾವ ಇಬ್ಬರೂ ಮಾತಾಡಿಕೊಂಡು ಬರೆದರೆ ಎರಡು ಪಟ್ಟಿ ಒಂದೇ ಆಗುತ್ತದೆ, ತಪ್ಪೇ ಇಲ್ಲ ಅಂತ ಲೆಕ್ಕ ಹೇಳುತ್ತದೆ. ಆದ್ದರಿಂದ ಎರಡನೇ ಸಲ ಎಣಿಸುವವರಿಗೆ ಮೊದಲ ಪಟ್ಟಿ ತೋರಿಸಲೇಬಾರದು. ಇನ್ನೊಂದು ಕಷ್ಟ ಇದೆ, ಅದಕ್ಕೆ ಪೂರ್ತಿ ಮದ್ದಿಲ್ಲ. ಅಡುಗೆಭಟ್ಟರು, ಟೆಂಪೋ ಡ್ರೈವರ್‌ಗಳು ಮುಯ್ಯಿ ಮೇಜಿಗೂ ಬರುವುದಿಲ್ಲ, ಗೇಟಿನಿಂದಲೂ ಬರುವುದಿಲ್ಲ, ಹಿಂಬಾಗಿಲಿಂದ ಬರುತ್ತಾರೆ. ಒಬ್ಬರ ಕಣ್ಣಿಗೆ ಬೀಳದವರು ಇನ್ನೊಬ್ಬರ ಕಣ್ಣಿಗೂ ಬೀಳದಿರುವ ಸಾಧ್ಯತೆಯೇ ಜಾಸ್ತಿ. ಹಾಗಾಗಿ ಇಂಥ ಲೆಕ್ಕದಲ್ಲಿ ಸಿಗುವ ಸಂಖ್ಯೆ ಸಾಮಾನ್ಯವಾಗಿ ನಿಜಕ್ಕಿಂತ ಸ್ವಲ್ಪ ಕಮ್ಮಿಯೇ ಇರುತ್ತದೆ.

ಅನ್ನ ಅಲ್ಲ, ಮುದ್ದೆ

ಸ್ಯಾಂಪಲ್ ಅಂದ ತಕ್ಷಣ ಒಂದು ಅಗುಳು ಹಿಸುಕಿ ನೋಡಿದರೆ ಸಾಕು ಅನ್ನುವ ಮಾತು ಬಂದೇ ಬರುತ್ತದೆ. ಅನ್ನಕ್ಕೆ ಸರಿ. ಪಾತ್ರೆ ಪೂರ್ತಿ ಒಂದೇ ಹದ ಬೆಂದಿರುತ್ತದೆ. ಜನಗಣತಿಯ ತಪ್ಪು ಮಂಡ್ಯದವರ ಮುದ್ದೆ ಇದ್ದ ಹಾಗೆ. ಸರಿಯಾಗಿ ತೊಳಸದಿದ್ದರೆ ಹಿಟ್ಟು ಅಲ್ಲಲ್ಲಿ ಗಂಟು ಗಂಟಾಗಿ ಉಳಿಯುತ್ತದೆ, ಮೇಲಿನಿಂದ ಒಂದು ತುತ್ತು ಮುರಿದರೆ ಒಳಗಿನ ಗಂಟು ಗೊತ್ತಾಗುವುದಿಲ್ಲ. ಮೈಸೂರಿನ ಒಂದು ಬಡಾವಣೆಯಲ್ಲಿ ಒಬ್ಬರೂ ಬಿಟ್ಟುಹೋಗಿಲ್ಲ, ಪಕ್ಕದಲ್ಲೇ ಪಿಜಿ ತುಂಬಿದ ಬೀದಿಯಲ್ಲಿ ನೂರಕ್ಕೆ ಹತ್ತು ಜನ ಇಲ್ಲ, ಹೀಗೆಲ್ಲ ಆಗುತ್ತದೆ. ಆದ್ದರಿಂದ ಒಂದೇ ಕಡೆಯಿಂದ ದೊಡ್ಡ ತುತ್ತು ಮುರಿಯಬೇಡಿ. ಬಹಳ ಕಡೆಯಿಂದ ಸಣ್ಣ ಸಣ್ಣ ತುತ್ತು ಮುರಿಯಿರಿ.

ಇದನ್ನು ಅಂಕಿಯಲ್ಲೇ ತೋರಿಸುತ್ತೇನೆ. ಮಂಡ್ಯ ಜಿಲ್ಲೆಯಲ್ಲಿ ಬಿಟ್ಟುಹೋದವರು ಶೇ. 2.3ರ ಆಸುಪಾಸು ಇರಬಹುದು, ನಮ್ಮ ಉತ್ತರ ಅದರ ಎರಡೂ ಕಡೆ ಅರ್ಧ ಪರ್ಸೆಂಟ್‌ಗಿಂತ ಜಾಸ್ತಿ ಅಲುಗಾಡಬಾರದು, ನೂರಕ್ಕೆ 95ರಷ್ಟು ಭರವಸೆ ಬೇಕು ಅಂತ ಇಟ್ಟುಕೊಳ್ಳಿ. ಜನರನ್ನು ಒಬ್ಬೊಬ್ಬರಾಗಿ ಚೀಟಿ ಎತ್ತಿ ಆರಿಸೋಕೆ ಆಗುವಂತಿದ್ದರೆ ಸುಮಾರು 3,450 ಜನ ಸಾಕು. 18 ಲಕ್ಷ ಜನರ ಮಂಡ್ಯಕ್ಕೂ 3,450, ಆರು ಕೋಟಿ ದಾಟಿದ ಕರ್ನಾಟಕಕ್ಕೂ ಹೆಚ್ಚುಕಮ್ಮಿ ಅಷ್ಟೇ. ಇದನ್ನು ಕ್ಲಾಸಿನಲ್ಲಿ ಹೇಳಿದಾಗೆಲ್ಲ ಯಾರೂ ನಂಬುವುದಿಲ್ಲ. ನೀವೂ ಬೇಕಾದರೆ 1.96ರ (ಶೇ. 95ರ ಭರವಸೆಗೆ ಹಿಡಿಯುವ ಅಂಕಿ ಇದು) ವರ್ಗವನ್ನು 0.023ರಿಂದ, ಆಮೇಲೆ 0.977ರಿಂದ ಗುಣಿಸಿ, 0.005ರ ವರ್ಗದಿಂದ ಭಾಗಿಸಿ ನೋಡಿ. ಎಲ್ಲೂ ಜನಸಂಖ್ಯೆಯ ಮಾತೇ ಬರುವುದಿಲ್ಲ.

ಆದರೆ ಜನರನ್ನು ಒಬ್ಬೊಬ್ಬರಾಗಿ ಆರಿಸೋಕೆ ಆಗುವುದಿಲ್ಲ. ಬೀದಿ ಬೀದಿಯಾಗಿಯೇ ಹೋಗಬೇಕು, ಬೀದಿಯಲ್ಲಿ ಒಬ್ಬರ ಹಾಗೇ ಇನ್ನೊಬ್ಬರು. ಈ ಹೋಲಿಕೆಗೂ ಒಂದು ಅಳತೆ ಇದೆ. ಅದು 0.01 ಅಂತ ಇಟ್ಟುಕೊಳ್ಳೋಣ, ಬಹಳ ಸಣ್ಣದು. 700 ಜನರ ಇಡೀ ಬ್ಲಾಕನ್ನೇ ಎಣಿಸಿದರೆ, ಒಬ್ಬರನ್ನು ಬಿಟ್ಟು ಉಳಿದ 699ನ್ನು ಈ 0.01ರಿಂದ ಗುಣಿಸಿ ಒಂದು ಕೂಡಿಸಿ, ಬೇಕಾಗುವ ಜನ ಹೆಚ್ಚುಕಮ್ಮಿ ಎಂಟು ಪಟ್ಟು ಆಗುತ್ತಾರೆ. ಅಂದರೆ 27,600 ಜನ, 40 ಬ್ಲಾಕ್. ಅದರ ಬದಲು ಪ್ರತಿ ಬ್ಲಾಕಿನಲ್ಲಿ ಒಂದಕ್ಕೊಂದು ಅಂಟಿದ 25 ಮನೆ, ಅಂದರೆ ನೂರು ಜನರಷ್ಟನ್ನೇ ಎಣಿಸಿದರೆ ಎರಡು ಪಟ್ಟು ಅಷ್ಟೇ. 6,900 ಜನ ಸಾಕು, ಆದರೆ 69 ಬ್ಲಾಕಿಗೆ ಹೋಗಬೇಕು. ಪೆಟ್ರೋಲ್ ಜಾಸ್ತಿ, ಕೆಲಸ ಕಾಲುಭಾಗ. ನಾನಾದರೆ ಎರಡನೇದೇ ಆರಿಸುತ್ತೇನೆ.

ಬ್ಲಾಕ್ ಆರಿಸುವಾಗ ಮೊದಲು ಜಿಲ್ಲೆಯನ್ನು ಗುಂಪು ಮಾಡಿಕೊಳ್ಳಿ. ಮಂಡ್ಯದಲ್ಲಿ ಏಳು ತಾಲ್ಲೂಕು. ಮದ್ದೂರು, ಶ್ರೀರಂಗಪಟ್ಟಣದ ನಾಲೆ ಬಯಲು ಒಂದು ಗುಂಪು, ನಾಗಮಂಗಲದಂಥ ಮಳೆ ನಂಬಿದ ಸೀಮೆ ಇನ್ನೊಂದು, ಪಟ್ಟಣಗಳು ಮತ್ತೊಂದು. ಯಾಕೆ ಅಂದರೆ ಕಬ್ಬಿನ ಸೀಮೆಯಲ್ಲಿ ಆಗುವ ತಪ್ಪೇ ಬೇರೆ. ಫೆಬ್ರವರಿಯಲ್ಲಿ ಆಲೆಮನೆ ನಡೆಯುತ್ತಿರುತ್ತವೆ, ಬಳ್ಳಾರಿ ಕಡೆಯಿಂದ ಬಂದ ಕಬ್ಬು ಕಡಿಯುವ ಗ್ಯಾಂಗು ಗದ್ದೆ ಬದುವಿನಲ್ಲಿ ಟೆಂಟ್ ಹಾಕಿಕೊಂಡಿರುತ್ತದೆ, ಅವರನ್ನು ಇಲ್ಲಿಯವರೂ ಬರೆಯುವುದಿಲ್ಲ, ಅಲ್ಲಿ ಮನೆಗೆ ಬೀಗ ಬಿದ್ದಿರುವುದರಿಂದ ಅಲ್ಲಿಯವರೂ ಬರೆಯುವುದಿಲ್ಲ. ನಾಗಮಂಗಲದ ಕಡೆ ಇದು ಉಲ್ಟಾ. ಮಗ ಬೆಂಗಳೂರಿನಲ್ಲಿರುತ್ತಾನೆ, ಅಲ್ಲಿ ರೂಮಿನಲ್ಲಿ ಒಂದು ಸಲ ಎಣಿಕೆಯಾಗಿರುತ್ತಾನೆ, ಇಲ್ಲಿ ಅವ್ವ ಅವನ ಹೆಸರು ಬಿಟ್ಟು ಮನೆ ಪಟ್ಟಿ ಹೇಳುವುದೇ ಇಲ್ಲ.

ಗುಂಪಾದ ಮೇಲೆ ಎಲ್ಲ ಬ್ಲಾಕುಗಳಿಗೆ ಸಾಲಾಗಿ ನಂಬರ್ ಕೊಡಿ. 18 ಲಕ್ಷ ಜನಕ್ಕೆ 700ರಂತೆ ಸುಮಾರು 2,580 ಬ್ಲಾಕ್. 70 ಬೇಕು ಅಂದರೆ 37ಕ್ಕೊಂದು. 1ರಿಂದ 37ರವರೆಗೆ ಚೀಟಿ ಬರೆದು ಡಬ್ಬಕ್ಕೆ ಹಾಕಿ, ನಾಲ್ಕು ಜನರ ಎದುರಿಗೆ ಒಂದು ಎತ್ತಿಸಿ. 14 ಬಂತಾ? 14, 51, 88, ಹೀಗೆ 37 ಕೂಡಿಸುತ್ತಾ ಹೋಗಿ. ಬಂದ ಬ್ಲಾಕು ಕಾಡಂಚಿನಲ್ಲಿದೆ, ಅಲ್ಲಿ ನಾಯಿ ಕಾಟ, ರಸ್ತೆ ಸರಿಯಿಲ್ಲ ಅಂತ ಪಕ್ಕದ್ದಕ್ಕೆ ಬದಲಾಯಿಸಬೇಡಿ. ಬದಲಾಯಿಸಿದ ಕ್ಷಣವೇ ಅದು ಸ್ಯಾಂಪಲ್ ಆಗಿ ಉಳಿಯುವುದಿಲ್ಲ. ರಸ್ತೆ ಸರಿಯಿಲ್ಲದ ಕಡೆಯೇ ಮೊದಲ ಸಲ ಹೋದವರೂ ಕಳ್ಳಬಿದ್ದಿರುತ್ತಾರೆ.

ಎರಡನೇ ಎಣಿಕೆ

ಗಣತಿ ಮುಗಿದ ಮೇಲೆ ಆದಷ್ಟು ಬೇಗ ಹೊರಡಿ. ಯುಗಾದಿ ಕಳೆದರೆ ಜನ ಮನೆ ಬದಲಾಯಿಸುತ್ತಾರೆ, ನೆನಪೂ ಹಾರುತ್ತದೆ. ಮೊದಲು ಹೋದವರು ಹೋಗಬಾರದು, ಅವರು ಕೈಯಲ್ಲಿ ಬರೆದ ಬ್ಲಾಕಿನ ನಜರಿ ನಕ್ಷೆಯಲ್ಲಿ ಗಡಿ ಮಾತ್ರ ನೋಡಿಕೊಂಡು ಮನೆಪಟ್ಟಿಯನ್ನು ಹೊಸದಾಗಿ ಮಾಡಬೇಕು. ಅಂಗಡಿ ಮೇಲಿನ ರೂಮು, ಕಟ್ಟುತ್ತಿರುವ ಕಟ್ಟಡ, ಕಾರ್ಖಾನೆ ಹಿಂದಿನ ಶೆಡ್ಡು, ಮನೆ ಮಾಲೀಕರು ನಾವಷ್ಟೇ ಇರೋದು ಅನ್ನುವ ಮನೆಯ ಮೂರನೇ ಮಹಡಿ, ಎಲ್ಲವನ್ನೂ ಹತ್ತಿ ಇಳಿದು ನೋಡಿ. ಒಣಗಲು ಹಾಕಿರುವ ಬಟ್ಟೆ ನೋಡಿ. ಮಾಲೀಕರ ಬಾಯಿಗಿಂತ ಟೆರೇಸಿನ ಹಗ್ಗ ಜಾಸ್ತಿ ನಿಜ ಹೇಳುತ್ತದೆ. ಮೀಟರ್ ಬೋರ್ಡಿನಲ್ಲಿ ಎಷ್ಟು ಆರ್‌ಆರ್ ನಂಬರ್ ಇದೆ ಅಂತಲೂ ಎಣಿಸಿಕೊಳ್ಳಿ, ನಾಲ್ಕು ಮೀಟರ್ ಇದ್ದು ಎರಡೇ ಸಂಸಾರ ಅಂದರೆ ಇನ್ನೊಂದು ಸಲ ಕೇಳಿ.

ಕೇಳುವ ಪ್ರಶ್ನೆ ಈಗ ಇಲ್ಲಿ ಯಾರಿದ್ದೀರಿ ಅಂತ ಅಲ್ಲ. ಗಣತಿಯ ಗಡಿ ದಿನ ಯಾರಿದ್ದಿರಿ ಅಂತ. ಮಾರ್ಚ್ 1 ಆದಮೇಲೆ ಹುಟ್ಟಿದ ಕೂಸು ಲೆಕ್ಕಕ್ಕೆ ಬೇಡ, ಆಮೇಲೆ ತೀರಿಕೊಂಡ ತಾತ ಬೇಕು. ಇದನ್ನು ಕೇಳುವಾಗ ಮನಸ್ಸಿಗೆ ಕಷ್ಟ ಆಗುತ್ತದೆ, ಕೇಳಲೇಬೇಕು. ಸಣ್ಣ ಕೂಸುಗಳನ್ನು ಮನೆಯವರೇ ಮರೆಯುತ್ತಾರೆ, ಹೆಸರು ಇಟ್ಟಿಲ್ಲ ಸಾರ್ ಇನ್ನೂ ಅಂತ. ಹಾಗಾಗಿ ಎದೆಹಾಲು ಕುಡಿಯೋ ಮಗು ಇದೆಯಾ ಅಂತ ಬೇರೆಯಾಗಿಯೇ ಕೇಳಿ.

ಭಾನುವಾರ ಮಾತ್ರ ಹೋಗಬೇಡಿ. ಭಾನುವಾರ ಬೆಂಗಳೂರಿನವರೆಲ್ಲ ಊರಿಗೆ ಬಂದಿರುತ್ತಾರೆ, ಹಳ್ಳಿ ತುಂಬಿದ ಹಾಗೆ ಕಾಣುತ್ತದೆ. ವಾರದ ಮಧ್ಯೆ ಹೋದರೆ ಯಾರೂ ಸಿಗುವುದಿಲ್ಲ. ಎರಡು ಸಲ ಹೋಗೋದೇ ದಾರಿ.

ಮಂಜ ಯಾರು, ಮಂಜುನಾಥ ಯಾರು

ಈಗ ನಿಜವಾದ ತಲೆನೋವು. ಎರಡು ಪಟ್ಟಿ ಹೊಂದಿಸೋದು. ಸೂತ್ರ ಹೈಸ್ಕೂಲ್ ಹುಡುಗನಿಗೂ ಬರುತ್ತದೆ, ಇಲ್ಲಿ ಮಾತ್ರ ತಾಳ್ಮೆ ಬೇಕು. ಮೊದಲ ಪಟ್ಟಿಯಲ್ಲಿ ಮಂಜೇಗೌಡ, 45. ಎರಡನೇದರಲ್ಲಿ ಮಂಜುನಾಥ, 42. ಅಪ್ಪನ ಹೆಸರು ಒಂದೇ. ಅದೇ ಮನುಷ್ಯನಾ, ತಮ್ಮನಾ? ವಯಸ್ಸಂತೂ ನಂಬುವಂತಿಲ್ಲ, ನಮ್ಮ ಹಳ್ಳಿಗಳಲ್ಲಿ 40 ಆದಮೇಲೆ ವಯಸ್ಸು ಐದೈದು ವರ್ಷಕ್ಕೊಂದು ಸಲ ಏರುತ್ತದೆ. ಹೆಂಗಸರ ಹೆಸರು ಇನ್ನೂ ಕಷ್ಟ. ಶಾಲೆ ದಾಖಲೆಯಲ್ಲಿ ಜಯಲಕ್ಷ್ಮಿ, ಮನೆಯಲ್ಲಿ ಚಿಕ್ಕತಾಯಿ.

ಎಷ್ಟು ಹೋಲಿಕೆ ಇದ್ದರೆ ಒಬ್ಬರೇ ಅಂತ ಒಪ್ಪಬೇಕು ಅನ್ನುವ ನಿಯಮವನ್ನು ಪಟ್ಟಿ ತೆರೆಯುವ ಮೊದಲೇ ಬರೆದಿಟ್ಟುಕೊಳ್ಳಿ. ಮನೆ ಒಂದೇ, ಗಂಡೋ ಹೆಣ್ಣೋ ಒಂದೇ, ಮನೆಯ ಯಜಮಾನರಿಗೆ ಇರುವ ಸಂಬಂಧ ಒಂದೇ, ವಯಸ್ಸಿನಲ್ಲಿ ಐದು ವರ್ಷದೊಳಗೆ ವ್ಯತ್ಯಾಸ ಇದ್ದರೆ ಹೆಸರು ಬೇರೆ ಕಂಡರೂ ಒಬ್ಬರೇ, ಈ ಥರ. ಇಬ್ಬರು ಬೇರೆ ಬೇರೆ ಕೂತು ಹೊಂದಿಸಲಿ. ಇಬ್ಬರಿಗೂ ಹೊಂದದೇ ಉಳಿದ ಹೆಸರಿಗೆ ಮೂರನೇ ಸಲ ಮನೆಗೇ ಹೋಗಿ ಕೇಳಿ.

ಸೋಮಾರಿತನ ಮಾಡಿದರೆ ಏನಾಗುತ್ತದೆ ನೋಡಿ. ಉದಾಹರಣೆಗೆ ಒಂದು ಬ್ಲಾಕಿನಲ್ಲಿ ಗಣತಿ ಬರೆದದ್ದು 755. ಪರಿಶೀಲಿಸಿದಾಗ ಅದರಲ್ಲಿ 15 ತಪ್ಪು ಹೆಸರು, ಎರಡು ಸಲ ಬಂದವರು, ಬೆಂಗಳೂರಿನ ಮಗ, ಅಂಥವು. ಉಳಿದದ್ದು 740. ಎರಡನೇ ಎಣಿಕೆಯಲ್ಲಿ ಸಿಕ್ಕಿದ್ದು 720, ಎರಡರಲ್ಲೂ ಇರುವವರು 690. ಬೀಗರ ಊಟದ ಲೆಕ್ಕವೇ, 740 × 720 ÷ 690, ಅಂದರೆ 772. ಗಣತಿ ಹೇಳಿದ್ದು 755, ಇರಬೇಕಾದ್ದು 772, ಕೊರತೆ 17. ಸಾವಿರಕ್ಕೆ 22. ಈಗ ಹೊಂದಿಸುವಾಗ ಉದಾಸೀನ ಮಾಡಿ 20 ಮಂಜರನ್ನು ಮಂಜುನಾಥರಿಂದ ಬೇರೆ ಮಾಡಿಬಿಟ್ಟಿರಿ ಅಂದುಕೊಳ್ಳಿ. 690 ಹೋಗಿ 670 ಆಯಿತು. ಉತ್ತರ 795ಕ್ಕೆ ಹಾರುತ್ತದೆ, ಸಾವಿರಕ್ಕೆ 22 ಇದ್ದ ಕೊರತೆ 50 ಆಗುತ್ತದೆ. ಹುಟ್ಟದೇ ಇರುವ 23 ಜನರನ್ನು ನೀವೇ ಹುಟ್ಟಿಸಿದಿರಿ. ಹಾಗಾಗಿ ಯಾರಾದರೂ ಇಂಥ ಸಮೀಕ್ಷೆಯ ದೊಡ್ಡ ಸಂಖ್ಯೆ ತಂದು ಗಾಬರಿ ಪಡಿಸಿದರೆ, ಹೊಂದಿಸಿದ್ದು ಹೇಗೆ ಅಂತ ಮೊದಲು ಕೇಳಿ.

ಇನ್ನೊಂದು ಗಮನಿಸಿದಿರಾ? ಕೊರತೆ 17 ಅಂತ ಬಂದರೂ ತಪ್ಪು 17 ಅಲ್ಲ. ಬಿಟ್ಟುಹೋದವರು 32, ಸುಮ್ನೆ ಸೇರಿಕೊಂಡವರು 15. ಒಂದು ಇನ್ನೊಂದನ್ನು ನುಂಗಿಕೊಂಡಿದೆ. ವಾಚ್‌ಮನ್ ಸಂಸಾರ ಹೊರಗೆ, ಬೆಂಗಳೂರಿನಲ್ಲಿರುವ ಐದು ಜನ ಒಳಗೆ ಅಂದರೆ ಒಟ್ಟು ಲೆಕ್ಕ ಸರಿಯಾಗೇ ಕಾಣುತ್ತದೆ, ಆದರೆ ರೇಷನ್ ಅಂಗಡಿ ಎಲ್ಲಿ ಬೇಕು, ಅಂಗನವಾಡಿ ಎಲ್ಲಿ ಬೇಕು ಅನ್ನೋದು ತಪ್ಪಿಹೋಗುತ್ತದೆ. ಎರಡೂ ಸಂಖ್ಯೆಯನ್ನು ಬೇರೆ ಬೇರೆಯಾಗಿ ಬರೆಯಿರಿ.

ಸಾಧ್ಯವಾದರೆ ಬ್ಲಾಕುಗಳನ್ನು ಎರಡು ಪಾಲು ಮಾಡಿ ಎರಡು ತಂಡಕ್ಕೆ ಕೊಡಿ. ಇದು ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಅವರ ಉಪಾಯ, ಬಂಗಾಳದ ಸೆಣಬಿನ ಬೆಳೆ ಲೆಕ್ಕ ಹಾಕುವ ಕಾಲದ್ದು. ಎರಡೂ ಪಾಲು ಒಂದೇ ಊರಿನಿಂದ ರ್‍ಯಾಂಡಮ್ ಆಗಿ ತೆಗೆದದ್ದು, ಉತ್ತರ ಹತ್ತಿರ ಹತ್ತಿರ ಇರಬೇಕು. ಒಂದು ತಂಡ ಸಾವಿರಕ್ಕೆ 8, ಇನ್ನೊಂದು 40 ಅಂದರೆ ಊರಿನ ಮೇಲೆ ಅನುಮಾನ ಪಡುವ ಮೊದಲು ತಂಡದ ಮೇಲೆ ಪಡಿ.

ಬಂದ ಸಂಖ್ಯೆಯನ್ನು ಏನು ಮಾಡೋದು

ಗಣತಿಯ ಲೆಕ್ಕವನ್ನೇ ತಿದ್ದಿಬಿಡೋಣ ಅಂತ ಅನಿಸುತ್ತದೆ. ನಮ್ಮ ದೇಶದಲ್ಲಿ ತಿದ್ದುವುದಿಲ್ಲ, ಎಣಿಸಿದ್ದು ಎಣಿಸಿದ್ದೇ, ತಪ್ಪಿನ ಪ್ರಮಾಣ ಬೇರೆ ವರದಿಯಲ್ಲಿ ಬರುತ್ತದೆ. ಅಮೆರಿಕದಲ್ಲಿ ಇದು ಕೋರ್ಟಿಗೇ ಹೋಗಿ, ರಾಜ್ಯಗಳಿಗೆ ಸಂಸತ್ತಿನ ಸೀಟು ಹಂಚುವ ಲೆಕ್ಕಕ್ಕೆ ಸ್ಯಾಂಪಲ್ ಬಳಸುವ ಹಾಗಿಲ್ಲ ಅಂತ 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನನಗೂ ಇದೇ ಸರಿ ಅನಿಸುತ್ತದೆ. ಕ್ಷೇತ್ರ ಮರುವಿಂಗಡಣೆಯ ಹೆಸರೆತ್ತಿದರೇ ಇಲ್ಲಿ ಜಗಳ ಶುರುವಾಗುತ್ತದೆ, ಅಂಥದ್ದರಲ್ಲಿ ಹೊಂದಿಸುವ ನಿಯಮವನ್ನು ಒಂಚೂರು ಸಡಿಲ ಮಾಡಿ ಒಂದು ರಾಜ್ಯಕ್ಕೆ ಲಕ್ಷಾಂತರ ಜನ ಕೂಡಿಸಬಹುದು ಅಂದರೆ ಯಾರು ಬಿಡುತ್ತಾರೆ? ಆದರೆ ಆಸ್ಪತ್ರೆ, ನೀರು, ಶಾಲೆಯ ಯೋಜನೆ ಮಾಡುವಾಗ ತಿದ್ದಿದ ಅಂದಾಜು ಬಳಸೋಕೆ ಅಡ್ಡಿ ಏನೂ ಇಲ್ಲ.

ಸ್ಯಾಂಪಲ್‌ಗೆ ಬೇರೆ ಕೆಲಸವೂ ಇದೆ. ಎಲ್ಲರಿಗೂ ನಾಲ್ಕು ಪ್ರಶ್ನೆ, ಆರಿಸಿದ ಕೆಲವರಿಗೆ ಮಾತ್ರ ಉದ್ದದ ಪಟ್ಟಿ. ಅಮೆರಿಕ 1940ರಲ್ಲೇ ಕೆಲವು ಪ್ರಶ್ನೆಗಳನ್ನು ಶೇ. 5 ಜನರಿಗೆ ಮಾತ್ರ ಕೇಳಿತ್ತು. ಸುಸ್ತಾದ ಗಣತಿದಾರ ಕೊನೆಯ ಹತ್ತು ಪ್ರಶ್ನೆಗೆ ಹೇಗೆ ಉತ್ತರ ತುಂಬುತ್ತಾನೆ ಅಂತ ನನಗೆ ಚೆನ್ನಾಗಿ ಗೊತ್ತು.

ವರದಿ ಬರೆಯುವಾಗ ಒಂದೇ ಸಂಖ್ಯೆ ಬರೆಯಬೇಡಿ. ಸಾವಿರಕ್ಕೆ 22, ಎರಡೂ ಕಡೆ 5ರ ಅಲುಗಾಟ, ಇಷ್ಟು ಬ್ಲಾಕ್, ಇಷ್ಟು ಮನೆಗೆ ಬೀಗ, ಹೊಂದಿಸಲಾಗದೆ ಉಳಿದವರು ಇಷ್ಟು, ಬೀದಿಯಲ್ಲಿ ಮಲಗುವವರನ್ನೂ ಹಾಸ್ಟೆಲ್ಲುಗಳನ್ನೂ ಇದರಲ್ಲಿ ಸೇರಿಸಿಲ್ಲ ಅಂತ ಪೂರ್ತಿ ಬರೆಯಿರಿ. ಆಮೇಲೆ ಬಿಟ್ಟುಹೋದವರು ಯಾವ ಥರದ ಜಾಗದಲ್ಲಿ ಇದ್ದರು ಅಂತ ಒಂದು ಪಟ್ಟಿ ಮಾಡಿ, ಹೆಸರು ಬೇಡ, ಜಾಗದ ಥರ ಸಾಕು. ಶೆಡ್ಡು ಇಷ್ಟು, ಪಿಜಿ ಇಷ್ಟು, ಆಲೆಮನೆ ಇಷ್ಟು. ಮುಂದಿನ ಸಲ ಗಣತಿಗೆ ಹೋಗುವವರ ಟ್ರೈನಿಂಗ್ ದಿನ ಆ ಒಂದು ಹಾಳೆಯನ್ನು ಜೆರಾಕ್ಸ್ ಮಾಡಿ ಎಲ್ಲರ ಕೈಗೆ ಕೊಡಿ.